ಕೆಳಗಿನ ಹಲ್ಲು, ಅರ್ಧ ಗ್ರಂಥ

ನಮ್ಮ ಯಜಮಾನರು ತೀರಿಕೊಂಡ ಮೇಲೆ ಮಾತಾಡಿಸಲು ಬಂದವರೆಲ್ಲ ಅವರ ಬಗ್ಗೆ ಎರಡು ಸಂಗತಿ ಹೇಳಿ ಹೋದರು. ಶಿರಸಿಯ ಜವಳಿ ಅಂಗಡಿಯಲ್ಲಿ ಅವರು ಸೀರೆ ಬಿಡಿಸಿ ತೋರಿಸುತ್ತಿದ್ದ ರೀತಿ ಒಂದು. ಊಟದ ಪಂಕ್ತಿಯಲ್ಲಿ ಗ್ರಂಥ ಹೇಳುತ್ತಿದ್ದ ಅವರ ಗಂಟಲು ಇನ್ನೊಂದು. ಹಲ್ಲಿನ ವಿಷಯ ಯಾರೂ ಎತ್ತಲಿಲ್ಲ. ತೀರಿಕೊಂಡವರ ಹಲ್ಲಿನ ಬಗ್ಗೆ ಯಾರು ಮಾತಾಡುತ್ತಾರೆ? ಆದರೆ ಅವರ ಜೊತೆ ಕಳೆದ ಕೊನೆಯ ವರ್ಷಗಳನ್ನು ನೆನೆಯಲು ಕೂತರೆ ನನಗೆ ಮೊದಲು ನೆನಪಾಗುವುದು ಹಲ್ಲಿನ ಸೆಟ್ಟೇ. ಅದರಲ್ಲೂ ಕೆಳಗಿನದು. ಮೇಲಿನದು ಹೇಗೋ ಅಂಗುಳಕ್ಕೆ ಅಂಟಿಕೊಂಡು ನಿಲ್ಲುತ್ತಿತ್ತು. ಕೆಳಗಿನದು ಯಾವತ್ತೂ ನಮ್ಮ ಮಾತು ಕೇಳಲಿಲ್ಲ.

ಅವರ ಹಲ್ಲು ಬೇಗ ಹೋದವು. ಎಲೆ ಅಡಿಕೆ ತಂಬಾಕು ಕಾರಣ ಎಂದು ನಾನು ಹೇಳುತ್ತಿದ್ದೆ, ನಮ್ಮ ಮನೆತನಕ್ಕೇ ಹಲ್ಲು ಬಂದಿಲ್ಲ ಎಂದು ಅವರು ಹೇಳುತ್ತಿದ್ದರು. ತೊಂಬತ್ತರ ದಶಕ ಮುಗಿಯುವುದರೊಳಗೆ ಒಂದೊಂದಾಗಿ ಕೀಳಿಸಿ ಪೂರ್ತಿ ಸೆಟ್ ಹಾಕಿಸಿಕೊಂಡರು. ಹಾಕಿಸಿಕೊಂಡ ಹೊಸದರಲ್ಲಿ ಚೆನ್ನಾಗಿಯೇ ಇತ್ತು. ಅಂಗಡಿಗೆ ಬಂದ ಹೆಂಗಸರಿಗೆ, "ಈ ಅಂಚು ನೋಡಿ ತಂಗಿ, ಈ ಬಣ್ಣ ಹೋಗೂದಿಲ್ಲ," ಎಂದು ನಗುನಗುತ್ತ ಹೇಳುವಾಗ ಹತ್ತು ವರ್ಷ ಕಡಿಮೆಯಾದಂತೆ ಕಾಣುತ್ತಿದ್ದರು. ಆಮೇಲೆ ನಿಧಾನವಾಗಿ ಸಡಿಲಾಯಿತು. ಮಾತಾಡುವಾಗ ಟಕ್ ಟಕ್ ಸದ್ದು ಬರತೊಡಗಿತು. ಸಾರನ್ನ ಉಣ್ಣುವಾಗ ಸೆಟ್ಟಿನ ಕೆಳಗೆ ಅನ್ನದ ಅಗುಳು ಸೇರಿಕೊಂಡು ಒಸಡಿಗೆ ಒತ್ತುತ್ತಿತ್ತು. ಊಟದ ಮಧ್ಯೆ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದರು. ಮನೆಯಲ್ಲಾದರೆ ಸರಿ, ಪಂಕ್ತಿಯಲ್ಲಿ ಮಧ್ಯೆ ಏಳುವಂತಿಲ್ಲವಲ್ಲ.

ಗ್ರಂಥದ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ನಮ್ಮಲ್ಲಿ ಮದುವೆ ಮುಂಜಿಯ ಊಟದಲ್ಲಿ, ಪಾಯಸ ಬಡಿಸಿ ಆಗುವ ಹೊತ್ತಿಗೆ, ಪಂಕ್ತಿಯಲ್ಲಿ ಕೂತವರೊಬ್ಬರು ದನಿ ಎತ್ತಿ ರಾಗವಾಗಿ ಒಂದು ಶ್ಲೋಕವನ್ನೋ ಪದ್ಯವನ್ನೋ ಹೇಳುತ್ತಾರೆ. ಮುಗಿದ ಕೂಡಲೇ ಇಡೀ ಪಂಕ್ತಿ ಒಟ್ಟಿಗೆ "ಹರ ಹರ ಮಹಾದೇವ" ಎನ್ನಬೇಕು. ಗಂಡಿನ ಕಡೆಯವರು ಒಂದು ಹೇಳಿದರೆ ಹೆಣ್ಣಿನ ಕಡೆಯವರು ಇನ್ನೊಂದು ಹೇಳುತ್ತಾರೆ. ಇದು ಜಗಳವಲ್ಲ, ಆದರೆ ಸುಮ್ಮನೆ ಕೂತ ಕಡೆಯವರಿಗೆ ಅದೊಂದು ಸಣ್ಣ ಸೋಲು. ನಮ್ಮ ಯಜಮಾನರಿಗೆ ಅವರ ಅಪ್ಪ ಕಲಿಸಿದ ಒಂದು ಪದ್ಯವಿತ್ತು. ಮಾವ ಸಿದ್ದಾಪುರದ ಕಡೆಯವರು. ಶಿವ ಪಾರ್ವತಿಯರ ಮದುವೆಯ ಊಟದ ವರ್ಣನೆ ಅದು. ಉದ್ದದ ಪದ್ಯ. ಯಾವ ಪುಸ್ತಕದಲ್ಲೂ ಇದ್ದ ಹಾಗಿರಲಿಲ್ಲ, ಬೇರೆ ಯಾರ ಬಾಯಲ್ಲೂ ನಾನು ಕೇಳಿರಲಿಲ್ಲ. ಅವರು ಅದನ್ನು ಎತ್ತಿದರೆ ಬಡಿಸುವವರು ಪಾಯಸದ ಪಾತ್ರೆ ಕೌಳಿಗೆ ಹಿಡಿದುಕೊಂಡೇ ನಿಂತುಬಿಡುತ್ತಿದ್ದರು.

ನಮ್ಮ ಒಬ್ಬಳೇ ಮಗಳಿಗೆ ಯಲ್ಲಾಪುರದ ಕಡೆಯ ಸಂಬಂಧ ಕೂಡಿಬಂತು. ಎರಡು ಸಾವಿರದ ಇಸವಿ ದಾಟಿದ ಹೊಸತು. ಹುಡುಗನ ಮನೆ ಮಾಗೋಡಿನ ದಾರಿಯಲ್ಲಿ. ನಿಶ್ಚಯಕ್ಕೆ ಅವರ ಮನೆಗೇ ಹೋಗಿದ್ದೆವು. ಆ ದಿನ ಊಟದ ಪಂಕ್ತಿಯಲ್ಲಿ ಹುಡುಗನ ದೊಡ್ಡಪ್ಪ ನಮ್ಮ ಯಜಮಾನರ ಎದುರಿಗೇ ಕೂತಿದ್ದರು. ದಪ್ಪ ದೇಹದ, ದೊಡ್ಡ ದನಿಯ ಮನುಷ್ಯ. ಪಾಯಸ ಬಂದ ಕೂಡಲೇ ಅವರು ಒಂದು ಗ್ರಂಥ ಹೇಳಿದರು. ಹರ ಹರ ಮಹಾದೇವ ಆಯಿತು. ಆಮೇಲೆ ಅವರು ನಮ್ಮವರ ಕಡೆ ತಿರುಗಿದರು.

"ಭಾವಾ, ಎಂಗಳ ಬದಿದು ಆತು. ಇನ್ನು ನಿಂಗಳ ಬದಿಂದ ಬರ್ಲಿ."

ನಮ್ಮವರು ಕೆಮ್ಮಿದರು. ಕೈಸನ್ನೆ ಮಾಡಿ ಗಂಟಲು ತೋರಿಸಿದರು.

"ಎಂತ ಮಾರಾಯ್ರೆ, ಪ್ಯಾಟೆ ಸೇರಿದವಕ್ಕೆ ಗ್ರಂಥ ಮರ್ತೇಹೋತ ಎಂತ? ಅಂಗ್ಡೀಲಿ ಸೀರೆ ಹೆಸ್ರು ಮಾತ್ರ ಹೇಳದ?"

ಪಂಕ್ತಿ ಎಲ್ಲ ನಕ್ಕಿತು. ಕೆಟ್ಟ ನಗುವಲ್ಲ. ನಮ್ಮವರೂ ತುಟಿ ಮುಚ್ಚಿಕೊಂಡೇ ನಕ್ಕರು.

"ಇರ್ಲಿ ಇರ್ಲಿ. ಮದ್ವೆ ದಿವ್ಸ ಮಾತ್ರ ಆನು ಬಿಡ್ತ್ನಿಲ್ಲೆ," ಎಂದರು ದೊಡ್ಡಪ್ಪ.

ಯಲ್ಲಾಪುರದಿಂದ ಶಿರಸಿಗೆ ವಾಪಸು ಬರುವ ಬಸ್ಸಿನಲ್ಲಿ ನಾನು ಕೇಳಿದೆ, "ಎಂತಕ್ಕೆ ಸುಮ್ನೆ ಕೂತ್ಗಂಡಿ?"

"ಬಾಯಿ ತೆಗೆದ್ರೆ ಹಲ್ಲು ಎಲೆ ಮೇಲೆ ಇರ್ತಿತ್ತು."

"ಬಿದ್ರೆ ಬೀಳ್ತಿತ್ತು. ಎಲ್ಲರ ಹಲ್ಲೂ ಒಂದಲ್ಲ ಒಂದಿನ ಬೀಳ್ತು."

"ಬೀಗರ ಎಲೆ ಎದ್ರು ಬೀಳ ಹಲ್ಲೇ ಬೇರೆ," ಎಂದರು. ಆಮೇಲೆ ಹೇಳಿದರು, "ಮಗಳ ಮದ್ವೇಲಿ ಅಪ್ಪನ ಪದ್ಯ ಹೇಳವು. ಹೇಳದೇ ಹೋದ್ರೆ ಎಂಗೆ ಸಮಾಧಾನ ಇಲ್ಲೆ."

ಅಲ್ಲಿಂದ ಶುರುವಾಯಿತು ನೋಡಿ. ಮದುವೆ ವೈಶಾಖದಲ್ಲಿ. ಒಂದು ಕಡೆ ಮದುವೆಯ ಕೆಲಸ, ಇನ್ನೊಂದು ಕಡೆ ಹಲ್ಲು. ನನಗೆ ಎರಡೂ ಒಂದೇ ಕೆಲಸದ ಹಾಗೆ ಕಾಣತೊಡಗಿದವು.

ಮೊದಲು ಔಷಧದ ಅಂಗಡಿಯಿಂದ ಸೆಟ್ಟಿಗೆ ಅಂಟಿಸುವ ಪುಡಿ ತಂದರು. ಒದ್ದೆ ಸೆಟ್ಟಿನ ಮೇಲೆ ತೆಳ್ಳಗೆ ಉದುರಿಸಿ ಬಾಯಿಗೆ ಹಾಕಿ ಒತ್ತಿಕೊಳ್ಳಬೇಕು. ತೆಳ್ಳಗೆ ಎಂದು ಬರೆದದ್ದನ್ನು ಯಾರು ಕೇಳುತ್ತಾರೆ? ಇವರು ಚಪಾತಿಗೆ ಹಿಟ್ಟು ಉದುರಿಸಿದ ಹಾಗೆ ಉದುರಿಸಿಕೊಂಡರು. ಬೆಳಿಗ್ಗೆ ಹಿಡಿಯುತ್ತಿತ್ತು. ಮಧ್ಯಾಹ್ನ ಬಿಸಿ ಸಾರು ಕುಡಿದ ಕೂಡಲೇ ಕರಗಿ ಗೋಂದಿನ ಹಾಗೆ ನಾಲಿಗೆಗೆ ಸುತ್ತಿಕೊಳ್ಳುತ್ತಿತ್ತು. ಮಾತಾಡುವಾಗ ಬಾಯಲ್ಲಿ ಏನೋ ಇಟ್ಟುಕೊಂಡು ಮಾತಾಡಿದ ಹಾಗೆ ಕೇಳುತ್ತಿತ್ತು. ಅಂಗಡಿಯಲ್ಲಿ ಜೊತೆಯ ಕೆಲಸದವನೊಬ್ಬ, "ಏನ್ರಿ, ಗಿರಾಕಿ ಮುಂದ ಪೇಡೆ ತಿಂತೀರಿ," ಎಂದು ತಮಾಷೆ ಮಾಡಿದನಂತೆ. ಪುಡಿಯ ಡಬ್ಬಿ ಅಲ್ಲಿಗೆ ಮೂಲೆ ಸೇರಿತು.

ಆಗ ಹುಲೇಕಲ್ಲಿನಿಂದ ನನ್ನ ಅಣ್ಣ ಬಂದಿದ್ದ. ನನ್ನ ತವರು ಅಲ್ಲಿ. ಎಳೆ ಹಲಸು ತಂದಿದ್ದ. ಹಲಸು ಹೆಚ್ಚುವಾಗ ನನ್ನ ಕೈಗೆ ಮೆತ್ತಿದ ಮೇಣ ನೋಡಿ ಅವನೇ ಹೇಳಿದ್ದು: "ಭಾವಾ, ಒಡೆದ ಕೊಡದ ಬಿರುಕು ಹಿಡಿಯ ಮೇಣ ನಿಂಗಳ ಹಲ್ಲು ಹಿಡಿಯದಿಲ್ಯ?" ಅವನು ಹೇಳಿದ್ದು ತಮಾಷೆಗೆ. ಇವರು ತಮಾಷೆಯನ್ನು ತಮಾಷೆಯಾಗಿ ಉಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ನಾನು ಒಳಗೆ ಒಗ್ಗರಣೆ ಹಾಕುತ್ತಿದ್ದಾಗ ಕಡ್ಡಿಯಲ್ಲಿ ಸುತ್ತಿದ ಮೇಣವನ್ನು ದೀಪಕ್ಕೆ ಹಿಡಿದು ಬಿಸಿ ಮಾಡಿ ಕೆಳಗಿನ ಸೆಟ್ಟಿಗೆ ಹಚ್ಚಿ ಬಾಯಿಗೆ ಹಾಕಿಕೊಂಡಿದ್ದಾರೆ. ಸೆಟ್ಟು ಒಸಡಿಗೆ ಅಂಟಲಿಲ್ಲ. ಒದ್ದೆ ಜಾಗಕ್ಕೆ ಮೇಣ ಎಲ್ಲಿ ಹಿಡಿಯುತ್ತದೆ? ಸೆಟ್ಟಿಗೆ ಅಂಟಿತು, ತುಟಿಗೆ ಅಂಟಿತು, ತೆಗೆಯಲು ಹೋದ ಬೆರಳಿಗೆ ಅಂಟಿತು. ನಾನು ಹೊರಗೆ ಬಂದಾಗ ಬಾಯಿಂದ ಕೈಗೆ ಮೇಣದ ಎಳೆ ಎಳೆದುಕೊಂಡು ನಿಂತಿದ್ದರು. ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ಬಿಡಿಸಿದೆ. ಅಣ್ಣ ಕಂಬ ಹಿಡಿದುಕೊಂಡು ನಗುತ್ತಿದ್ದ. ಬೈಯಬೇಕೆಂದರೆ ಇವರಿಗೆ ಬಾಯಿ ಇರಲಿಲ್ಲ. ನನಗೂ ನಗು ಬಂತು. ನಕ್ಕು ಮುಗಿದ ಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತೆ.

"ನಾಳೆ ಡಾಕ್ಟರ ಹತ್ರ ಹೋಪನ," ಎಂದೆ.

ಹಲ್ಲಿನ ಡಾಕ್ಟರು ಹುಬ್ಬಳ್ಳಿ ಕಡೆಯವರು. ಸೆಟ್ಟನ್ನು ಕೈಯಲ್ಲಿ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದರು.

"ಒಳಗ ಒಸಡು ಸವದೈತ್ರಿ. ಹಲ್ಲು ಹೋದ ಮ್ಯಾಲೆ ಎಲುಬು ವರ್ಷಾ ವರ್ಷಾ ಸ್ವಲ್ಪ ಸ್ವಲ್ಪ ಕುಗ್ಗತೈತಿ. ಕಾಲು ಸಣ್ಣದಾದ್ರ ಚಪ್ಪಲಿ ಸಡ್ಲ ಆಗೂದಿಲ್ಲೇನು, ಹಂಗ. ಅದು ಎಲ್ಲಾರಿಗೂ ಆಗೂದ." ಮತ್ತೆ ಸೆಟ್ಟನ್ನು ಮೇಜಿನ ಮೇಲೆ ಇಟ್ಟು ಬೆರಳಿನಿಂದ ಒತ್ತಿದರು. ಅದು ಒಂದು ಕಾಲು ಗಿಡ್ಡವಾದ ಮಣೆಯ ಹಾಗೆ ಅಲ್ಲಾಡಿತು. "ಆದ್ರ ಇದು ಬರೇ ಸವದದ್ದಲ್ಲ. ತಿರುಚೈತಿ. ಬಿಸಿನೀರಾಗ ಹಾಕ್ತೀರೇನ್ರಿ?"

"ಇಲ್ಲ ಸರ್," ಎಂದರು ನಮ್ಮವರು.

ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

"ನೀವು ಹೇಳದಿದ್ರೂ ಹಲ್ಲು ಹೇಳಾಕತ್ತೈತ್ರಿ," ಎಂದು ಅವರು ನಕ್ಕರು.

ಬಿಸಿನೀರಿನ ಕತೆ ಇಷ್ಟು. ರಾತ್ರಿ ಸೆಟ್ಟನ್ನು ತೆಗೆದು ನೀರಿನ ಲೋಟದಲ್ಲಿ ಇಡುತ್ತಿದ್ದರು. ಬೆಳಿಗ್ಗೆ ಸ್ನಾನ ಮಾಡಿ ಮಡಿ ಉಟ್ಟು ದೇವರ ಪೂಜೆ ಮಾಡುವವರು ಅವರು. ಬಾಯಿಂದ ಹೊರಗೆ ಬಂದ ವಸ್ತು ಎಂಜಲು. ಎಂಜಲನ್ನು ಬಾಯಲ್ಲಿ ಇಟ್ಟುಕೊಂಡು ಮಂತ್ರ ಹೇಳುವುದು ಹೇಗೆ? ಅದಕ್ಕೆ ಬಚ್ಚಲ ಹಂಡೆಯಿಂದ ಕುದಿಯುವ ನೀರು ತೋಡಿ ಸೆಟ್ಟಿನ ಮೇಲೆ ಹೊಯ್ದು ಶುದ್ಧ ಮಾಡಿಕೊಳ್ಳುತ್ತಿದ್ದರು. ದಿನವೂ. ಹಲ್ಲು ಹಾಕಿಸಿಕೊಂಡ ದಿನದಿಂದ ಹೀಗೇ.

ಡಾಕ್ಟರು ದಾರಿಗಳನ್ನು ಒಂದೊಂದಾಗಿ ಹೇಳಿದರು. ಪುಡಿ ಒಂದು ದಿನದ ಸಮಾರಂಭಕ್ಕೆ ಆದೀತು, ದಿನಾ ಅದನ್ನೇ ನಂಬಬಾರದು. ಇದೇ ಸೆಟ್ಟಿನ ಒಳಗೆ ಬಾಯಿಯ ಈಗಿನ ಅಚ್ಚು ತೆಗೆದು ಹೊಸದೊಂದು ಪದರ ಕೂಡಿಸಬಹುದು. ಇಲ್ಲವಾದರೆ ಪೂರ್ತಿ ಹೊಸ ಸೆಟ್ಟೇ ಮಾಡಬೇಕು. ಬೆಂಗಳೂರಿನಂಥ ಊರುಗಳಲ್ಲಿ ಎಲುಬಿಗೆ ಸ್ಕ್ರೂ ಹಾಕಿ ಕೂರಿಸುವುದೂ ಬಂದಿದೆ, ಅದು ದೂರದ ಮಾತು.

"ಹೊಸಾದು ಮಾಡಿದ್ರ ಛೊಲೋ. ಆದ್ರ ಹೊಸಾ ಸೆಟ್ಟಿಗೆ ನಾಲಿಗಿ ಹೊಂದ್ಕೊಳ್ಳಾಕ ಟೈಮ್ ಬೇಕು. ಮದುವಿ ಹತ್ರ ಐತಿ ಅಂತೀರಿ. ತಿರುಚಿದ್ದು ಭಾಳ ಇಲ್ಲ, ಒಳಗ ಪದರ ಹಾಕೂಣು. ಅಚ್ಚು ತೆಗಿಯೂ ಮೊದಲ ಸ್ವಲ್ಪ ದಿನ ಹಲ್ಲಿಲ್ಲದ ಇರ್ರಿ, ಒಸಡಿನ ಬಾವು ಇಳೀಬೇಕು. ಆಮ್ಯಾಲೆ ದಿನಾ ಗಟ್ಟಿಯಾಗಿ ಏನರ ಓದ್ರಿ. ತಿನ್ನೂದು ಸಣ್ಣ ಸಣ್ಣ ತುಂಡು, ಎರಡೂ ಕಡೆ ಅಗೀರಿ. ಒಂದೇ ಕಡೆ ಅಗದ್ರ ಇನ್ನೊಂದು ಕಡೆ ಏಳತೈತಿ. ಮತ್ತ ಬಾಯಿ ಒಣಗಿಸ್ಬ್ಯಾಡ್ರಿ. ಈ ಸೆಟ್ಟು ನಿಂತಿರೂದ ಉಗುಳಿನ ಮ್ಯಾಲೆ. ಬಿಸಿನೀರು ಮಾತ್ರ ಬ್ಯಾಡ್ರಿ ಯಜಮಾನ್ರ, ಕೈ ಮುಗೀತೀನಿ."

ಮನೆಗೆ ಬಂದ ಮೇಲೆ ನಾನು ಹೇಳಿದೆ, ಇನ್ನು ಮೇಲೆ ತಣ್ಣೀರಲ್ಲಿ ತೊಳೆಯಿರಿ ಎಂದು.

"ತಣ್ಣೀರಲ್ಲಿ ಎಂಜಲು ಹೋಗ್ತ?"

"ಹಂಗಾರೆ ಹಲ್ಲು ಬಿಟ್ಟು ಪೂಜೆ ಮಾಡಿ."

"ದೇವರ ಎದ್ರು ಬೊಚ್ಚು ಬಾಯಲ್ಲಿ ಮಂತ್ರ ಹೇಳದ? ಅವಂಗೆ ಎಂತ ಅರ್ಥ ಆಗವು?"

ಮದುವೆಯ ಸಾಮಾನಿನ ಬಗ್ಗೆ ಮಾತಾಡಲು ಪುರೋಹಿತ ಭಟ್ಟರು ಬಂದಾಗ ಅವರೆದುರಿಗೇ ವಿಷಯ ಎತ್ತಿದೆ. ವಯಸ್ಸಾದ ಭಟ್ಟರು. ಎಲ್ಲ ಕೇಳಿಸಿಕೊಂಡು ಚಾ ಲೋಟ ಕೆಳಗಿಟ್ಟು ಬಾಯಿಗೆ ಕೈ ಹಾಕಿ ಮೇಲಿನದು ಕೆಳಗಿನದು ಎರಡನ್ನೂ ತೆಗೆದು ಅಂಗೈ ಮೇಲೆ ಇಟ್ಟು ತೋರಿಸಿದರು. ನಾವು ಇಷ್ಟು ವರ್ಷ ಅವರ ಬಾಯಿಂದ ಮಂತ್ರ ಕೇಳಿದ್ದೆವು, ಅದು ಸ್ವಂತದ ಹಲ್ಲಲ್ಲ ಎಂದು ಗೊತ್ತೇ ಇರಲಿಲ್ಲ. ಮತ್ತೆ ಹಾಕಿಕೊಂಡು ಹೇಳಿದರು:

"ಒಳಗಿದ್ರೆ ಬಾಯಿ. ಹೊರಗೆ ಬಂದ್ರೆ ಪಾತ್ರೆ. ಪಾತ್ರೆ ತೊಳದ ಹಂಗೆ ತೊಳಿ, ಒಂದು ತುಳಸಿ ನೀರು ಬಿಡು, ಮುಗತ್ತು. ಹುಣಸೆಹಣ್ಣು ಹಾಕಿ ತಿಕ್ಕಲೆ ಹೋಗಡ ಮತ್ತೆ."

ಹಂಡೆಯ ನೀರು ಅಲ್ಲಿಗೆ ನಿಂತಿತು.

ಹಲ್ಲಿಲ್ಲದೆ ಇರಬೇಕಾದ ದಿನಗಳಲ್ಲಿ ಅವರು ಅಂಗಡಿಗೆ ರಜೆ ಹಾಕಿದರು. ಗಂಜಿ, ತಂಬುಳಿ, ಹಾಲಲ್ಲಿ ನೆನೆಸಿದ ದೋಸೆ. ನಮಗೆ ಒಂದು ಅಡಿಗೆ, ಅವರಿಗೆ ಇನ್ನೊಂದು. ಯಾರಾದರೂ ಬಂದರೆ ಒಳಗೆ ಹೋಗಿ ಕೂತುಬಿಡುತ್ತಿದ್ದರು. ಆಮಂತ್ರಣ ಕೊಡಲು ಮನೆ ಮನೆಗೆ ಹೋಗಬೇಕಾಗಿತ್ತು, ನಾನೂ ಅಣ್ಣನೂ ಹೋದೆವು. ಒಳಪದರ ಹಾಕಿದ ಸೆಟ್ಟು ಬಂದಾಗ ಬಿಗಿಯಾಗಿತ್ತು. ಬಿಗಿಯಾದದ್ದು ಒತ್ತಿತು. ನಾಲಿಗೆಯ ಪಕ್ಕದಲ್ಲಿ ಹುಣ್ಣಾಯಿತು. ಮತ್ತೆ ಹೋಗಿ ತೀಡಿಸಿಕೊಂಡು ಬಂದರು, ಇನ್ನೊಂದು ಕಡೆ ಒತ್ತಿತು, ಮತ್ತೆ ಹೋದರು. ಆಮೇಲೆ ಕೂತಿತು.

ಅಲ್ಲಿಂದ ಮದುವೆಯ ತನಕ ಬೆಳಿಗ್ಗೆ ಪೂಜೆ ಮುಗಿಸಿ ಜಗಲಿಯ ಮೇಲೆ ಓದು. ಮೊದಲು ಪೇಪರು ಓದುತ್ತಿದ್ದರು, ಅಡಿಕೆ ಧಾರಣೆಯಿಂದ ಹಿಡಿದು ಶ್ರದ್ಧಾಂಜಲಿಯ ತನಕ. ಆಮೇಲೆ ಅದು ಬಿಟ್ಟು ಪದ್ಯವನ್ನೇ ಹೇಳತೊಡಗಿದರು. ನಾನು ಒಳಗೆ ಕಾಯಿ ತುರಿಯುತ್ತ, ಅಕ್ಕಿ ಆರಿಸುತ್ತ ಕೇಳುತ್ತಿದ್ದೆ. ಬೇಡವೆಂದರೂ ಕೇಳಿಸುತ್ತಿತ್ತು. ಕೇಳಿ ಕೇಳಿ ನನಗೂ ಬಾಯಿಪಾಠವಾಯಿತು. ಪದ್ಯದ ಅರ್ಧದಲ್ಲಿ ಶಶಿಶೇಖರ ಎಂಬ ಮಾತು ಬರುತ್ತಿತ್ತು, ಶಿವನ ಹೆಸರು. ಸಡಿಲ ಹಲ್ಲಿಗೆ ಅದಕ್ಕಿಂತ ವೈರಿ ಇನ್ನೊಂದಿಲ್ಲ. ಅಲ್ಲಿ ಗಾಳಿ ಸಿಳ್ಳೆ ಹೊಡೆದ ಹಾಗೆ ಹೋಗುತ್ತಿತ್ತು. ಮತ್ತೆ ಮೊದಲಿಂದ. ಮದುವೆಗೆ ಇನ್ನು ಕೆಲವೇ ದಿನವಿದೆ ಎನ್ನುವಾಗ ಒಂದು ಬೆಳಿಗ್ಗೆ ಇಡೀ ಪದ್ಯ ಸಿಳ್ಳೆಯಿಲ್ಲದೆ ಮುಗಿಯಿತು. ಒಳಗೆ ಬಂದು ಬಾಗಿಲಲ್ಲಿ ನಿಂತರು. "ಕೇಳ್ತ?" ಎಂದರು. ನಾನು ತಲೆಯಾಡಿಸಿದೆ. ಸಂತೋಷ ಆಯಿತೋ, ಇನ್ನು ಕೇಳಬೇಕಾಗಿಲ್ಲವಲ್ಲ ಎಂಬ ನಿರಾಳವೋ, ಈಗ ಹೇಳಲಾರೆ.

ಮದುವೆ ಶಿರಸಿಯ ಒಂದು ಕಲ್ಯಾಣ ಮಂಟಪದಲ್ಲಿ. ಮುಹೂರ್ತ ಸ್ವಲ್ಪ ತಡವಾಗಿ ಸಿಕ್ಕಿತ್ತು. ಧಾರೆ ಎರೆಯುವ ತನಕ ಕನ್ಯೆಯ ಅಪ್ಪ ಅಮ್ಮ ಉಪವಾಸ. ನಾನು ಒಂದು ಲೋಟ ಹಾಲಾದರೂ ಕುಡಿಯಿರಿ, ಹಾಲಿಗೆ ದೋಷವಿಲ್ಲ ಎಂದೆ. ಕೇಳಲಿಲ್ಲ. ನೀರೂ ಬೇಡ ಎಂದರು. ವೈಶಾಖದ ಸೆಕೆ, ಎದುರಿಗೆ ಹೋಮದ ಬೆಂಕಿ, ಬೆಳಗಿನಿಂದ ಮಂತ್ರ, ಸಂಕಲ್ಪ. ಧಾರೆ ಮುಗಿದದ್ದೇ ತಡ, ಬೀಗರ ಪಂಕ್ತಿಗೆ ಎಲೆ ಹಾಕಿಯಾಗಿತ್ತು. ಹೆಣ್ಣಿನ ಅಪ್ಪ ಪಂಕ್ತಿಯಲ್ಲಿ ತಿರುಗಾಡಿ ಉಪಚಾರ ಮಾಡದಿದ್ದರೆ ಆಗುತ್ತದೆಯೇ? ಯಾರೋ ಬಂದು ಕರೆದರು, ಅವರು ಹಾಗೇ ಹೊರಟುಹೋದರು. ನಾನು ನೀರಿನ ಚೊಂಬು ಹಿಡಿದುಕೊಂಡು ಅಡಿಗೆಮನೆಯ ಬಾಗಿಲ ತನಕ ಹೋದೆ. ಅಷ್ಟರಲ್ಲಿ ಅವರು ಪಂಕ್ತಿಯ ಮಧ್ಯದಲ್ಲಿದ್ದರು. ಗಂಡಸರ ಪಂಕ್ತಿಯ ನಡುವೆ ಚೊಂಬು ಹಿಡಿದು ಹೋಗುವುದು ಹೇಗೆ ಎಂದು ಬಾಗಿಲಲ್ಲೇ ನಿಂತೆ.

"ಸಾವಕಾಶ ಆಗ್ಲಿ. ಎಂತೂ ಬಿಡಡಿ," ಎನ್ನುತ್ತ ಕೈ ಮುಗಿದುಕೊಂಡು ಒಬ್ಬೊಬ್ಬರ ಎಲೆಯ ಮುಂದೆ ನಿಲ್ಲುತ್ತಿದ್ದರು. ಪಾಯಸ ಬಂತು. ಮಾಗೋಡಿನ ದೊಡ್ಡಪ್ಪ ಗ್ರಂಥ ಹೇಳಿದರು. ಹರ ಹರ ಮಹಾದೇವಕ್ಕೆ ಮಂಟಪದ ತಗಡು ಅದುರಿತು.

"ಹಾಂ ಭಾವಾ! ಇವತ್ತು ಗಂಟಲು ಹೆಂಗಿದ್ದು?"

"ಚೊಲೋ ಇದ್ದು."

"ಹಂಗಾರೆ ಬರ್ಲಿ."

"ಆನು ಕೂತಿದ್ನಿಲ್ಲೆ ಇನ್ನೂ, ನಿಂತವ ಹೇಳದು ಹೆಂಗೆ?"

"ನಿಂತು ಹೇಳಿದ್ರೆ ಇನ್ನೂ ದೂರ ಕೇಳ್ತು!"

ಪಂಕ್ತಿ ನಕ್ಕಿತು. ನಮ್ಮವರು ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು ಎತ್ತಿದರು. ಎಷ್ಟೋ ವರ್ಷದ ಮೇಲೆ ಅದೇ ದನಿ. ಬಡಿಸುವವರು ನಿಂತರು. ನನ್ನ ಪಕ್ಕದಲ್ಲಿ ಅಡಿಗೆಯವರೂ ಬಂದು ನಿಂತರು. ಮಗಳು ಆಚೆ ಮಂಟಪದಲ್ಲಿ ತಲೆ ಎತ್ತಿದ್ದು ಕಂಡಿತು. ಅರ್ಧದ ತನಕ ಚೆನ್ನಾಗಿ ಬಂತು. ಶಶಿಶೇಖರಕ್ಕೆ ಬಂದಾಗ ಕೆಳಗಿನ ಸೆಟ್ಟು ಎದ್ದಿತು. ಅದು ಎದ್ದದ್ದು ಬೇರೆ ಯಾರಿಗೂ ಕಂಡಿರಲಿಕ್ಕಿಲ್ಲ. ನನಗೆ ಅವರ ಕೆನ್ನೆ ನೋಡಿಯೇ ಗೊತ್ತಾಯಿತು. ಬಾಯಿ ಮುಚ್ಚಿಕೊಂಡರು. ನಾಲಿಗೆಯಿಂದ ಒತ್ತಿ ಕೂರಿಸಲು ನೋಡಿದರು. ಬಾಯಲ್ಲಿ ಹನಿ ನೀರಿಲ್ಲ, ಅದು ಯಾವುದಕ್ಕೆ ಹಿಡಿಯಬೇಕು? ಎಲ್ಲರೂ ಕಾಯುತ್ತಿದ್ದರು. ಪಾಯಸದಲ್ಲಿ ಕೈ ಹಾಕಿದವರು ಹಾಗೇ ಕೂತಿದ್ದರು. ಒಂದು ಕ್ಷಣವೋ ಎಷ್ಟೋ.

ಆಗ ದೊಡ್ಡಪ್ಪ ದನಿ ಎತ್ತಿದರು. ನಮ್ಮವರು ಬಿಟ್ಟಲ್ಲಿಂದ, ಅದೇ ರಾಗದಲ್ಲಿ ಮುಂದುವರಿಸಿದರು. ನನ್ನ ಗಮನವೆಲ್ಲ ಇವರ ಕೆನ್ನೆಯ ಮೇಲೇ ಇತ್ತು, ಅವರು ಹೇಳಿದ ಒಂದು ಶಬ್ದವೂ ಕಿವಿಗೆ ಬೀಳಲಿಲ್ಲ. ಎರಡೂ ಕಡೆಯವರು ಸೇರಿ ಹೇಳುವುದೆಂದು ಮೊದಲೇ ಮಾತಾಗಿತ್ತೇನೋ ಎನ್ನುವ ಹಾಗಿತ್ತು. ಮುಗಿದಾಗ ಹರ ಹರ ಮಹಾದೇವ ಮೊದಲಿಗಿಂತ ಜೋರಾಗಿ ಬಂತು. "ಬೀಗರು ಕೂಡಿದ್ದು ಅಂದ್ರೆ ಹಿಂಗೆ," ಎಂದು ಯಾರೋ ಹೊಗಳಿದರು. ನಮ್ಮವರು ಕೈ ಮುಗಿದರು, ನಕ್ಕರು, ಮುಂದಿನ ಎಲೆಗೆ ಹೋದರು. ಪಂಕ್ತಿ ಮುಗಿಸಿ ಬಂದ ಮೇಲೆ ನನ್ನ ಕೈಯಿಂದ ಚೊಂಬು ತೆಗೆದುಕೊಂಡು ನಿಂತಲ್ಲೇ ಖಾಲಿ ಮಾಡಿದರು.

ಮಗಳನ್ನು ಕಳಿಸಿಕೊಟ್ಟು ಮನೆಗೆ ಬಂದು, ಬಾಳೆಕಂಬ ತೋರಣ ಎಲ್ಲ ಬಾಡಿದ ಮೇಲೆ ಒಂದು ಸಂಜೆ ಅವರು ಕೇಳಿದರು: "ಅರ್ಧ ಹೇಳಿದ್ದು ಚೊಲೋ ಕೇಳ್ತ?"

"ಚೊಲೋ ಕೇಳ್ತು."

"ಇನ್ನರ್ಧ ಮಾಗೋಡ ಭಾವ ಹೇಳಿದ್ದು ನಮ್ಮನೆದಲ್ಲ," ಎಂದರು. ನನಗೆ ಆಗ ಆ ಮಾತು ಸರಿಯಾಗಿ ತಲೆಗೆ ಹೋಗಲಿಲ್ಲ. ಬೇಸರದಲ್ಲಿ ಏನೋ ಹೇಳುತ್ತಿದ್ದಾರೆ ಎಂದುಕೊಂಡೆ.

ಆಮೇಲೆ ಯಾವ ಪಂಕ್ತಿಯಲ್ಲೂ ಅವರು ಗ್ರಂಥ ಹೇಳಲಿಲ್ಲ. ಕೇಳಿದವರಿಗೆ, "ಎಂಗಳ ಮಾಗೋಡ ಭಾವ ಹೇಳ್ತ, ಅವರ ಹತ್ರ ಕೇಳಿ," ಎನ್ನುತ್ತಿದ್ದರು. ಒಸಡು ಮತ್ತೆ ಸವೆಯಿತು. ಕೆಲವು ವರ್ಷಕ್ಕೆ ಇನ್ನೊಮ್ಮೆ ಪದರ ಹಾಕಿಸಿದೆವು. ಡಾಕ್ಟರು ಹೊಸ ಸೆಟ್ಟು ಮಾ‌ಡಿಸಿಕೊಳ್ಳಲು ಹೇಳಿದರು. ಇವರು ಆಗಲಿ ಆಗಲಿ ಎಂದು ದಿನ ತಳ್ಳಿದರು. ಅಂಗಡಿಯ ಕೆಲಸ ಬಿಟ್ಟ ಮೇಲೆ ಕೆಳಗಿನದನ್ನು ಹಾಕುವುದನ್ನೇ ಬಿಟ್ಟರು. ನಾನು ತರಕಾರಿ ಸಣ್ಣಗೆ ಹೆಚ್ಚಿದೆ, ಬೇಳೆ ಕರಗುವ ತನಕ ಬೇಯಿಸಿದೆ, ಚಪಾತಿಯನ್ನು ಸಾರಿನಲ್ಲಿ ಮುಳುಗಿಸಿ ಇಟ್ಟೆ. ವರ್ಷಗಟ್ಟಲೆ ಹೀಗೇ ಮಾಡಿದರೆ ಅದು ಸೇವೆಯೂ ಅಲ್ಲ, ಬೇಸರವೂ ಅಲ್ಲ. ಕೈಗೆ ರೂಢಿಯಾಗಿಬಿಡುತ್ತದೆ.

ಕೊನೆಗೆ ಎದೆನೋವು ಬಂದು ಹುಬ್ಬಳ್ಳಿಗೆ ಕರೆದೊಯ್ದೆವು. ಆಸ್ಪತ್ರೆಯಲ್ಲಿ ನರ್ಸು ಮೇಲಿನ ಸೆಟ್ಟನ್ನು ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು. ಅವರು ಮತ್ತೆ ಅದನ್ನು ಕೇಳಲಿಲ್ಲ. ದೇಹವನ್ನು ಮನೆಗೆ ತಂದ ಮೇಲೆ, ಸ್ಮಶಾನಕ್ಕೆ ಹೊರಡಿಸುವ ಮೊದಲು ಅಳಿಯ ಮೆಲ್ಲಗೆ ಬಂದು ಕೇಳಿದ, "ಅತ್ತೆ, ಮಾವಯ್ಯಂಗೆ ಹಲ್ಲು ಹಾಕವ? ಮುಖ ಒಳಗೆ ಹೋದ ಹಂಗೆ ಕಾಣ್ತು." ಬಂದವರು ನೋಡುತ್ತಾರೆ ಎಂದು ಅವನ ಚಿಂತೆ.

"ಬ್ಯಾಡ ತಮಾ," ಎಂದೆ. "ಇನ್ನಾದ್ರೂ ಬಾಯಿ ಆರಾಮ ಇರ್ಲಿ."

ದಿನಕರ್ಮಗಳೆಲ್ಲ ಮುಗಿದು, ನೆಂಟರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಮಾಗೋಡಿನ ದೊಡ್ಡಪ್ಪ ಬಂದರು. ಯಲ್ಲಾಪುರದ ಬಸ್ಸಿಳಿದು ನಡೆದೇ ಬಂದಿದ್ದರು. ಅವರ ಮೈಯೂ ಇಳಿದುಹೋಗಿತ್ತು. ಬಾಯಿ ಬೊಚ್ಚಾಗಿತ್ತು. ಸೆಟ್ಟು ಹಾಕಿಸಿಕೊಂಡಿರಲಿಲ್ಲ. ಕೇಳಿದ್ದಕ್ಕೆ, "ಭಾವಂದು ನೋಡಿದ ಮೇಲೆ ಧೈರ್ಯ ಬೈಂದಿಲ್ಲೆ," ಎಂದರು. ನಾನು ಬೆಲ್ಲ ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟರು. ಆಮೇಲೆ ಹೇಳಿದರು:

"ಅತ್ತಿಗೆ, ಒಂದು ಕೇಳವು ಹೇಳಿ ಬಂದೆ. ಅವತ್ತು ಮದ್ವೇಲಿ ಭಾವ ಅರ್ಧಕ್ಕೆ ನಿಂತ ಅಲ್ದ? ಮುಂದಿಂದು ಎಂಗೆ ಗೊತ್ತಿತ್ತಿಲ್ಲೆ. ಆನು ಬೇರೆ ಯಾವ್ದೋ ಪದ್ಯದ ಬಾಲ ತಂದು ಜೋಡ್ಸಿದೆ. ಯಾರಿಗೂ ಗೊತ್ತಾಜಿಲ್ಲೆ. ಭಾವಂಗೆ ಒಬ್ಬಂಗೆ ಗೊತ್ತಾಗಿತ್ತು. ಆಮೇಲೆ ಕೇಳನ ಕೇಳನ ಹೇಳಿ ಅಂದ್ಕಂಡೆ, ಕೇಳಲೆ ಆಜಿಲ್ಲೆ. ಆ ಪದ್ಯದ ಉಳಿದಿದ್ದು ಯಾರ ಹತ್ರನಾದ್ರೂ ಇದ್ದ?"

ನಮ್ಮನೆಯದಲ್ಲ ಎಂದು ಅವರು ಹೇಳಿದ್ದು ಆಗ ನನಗೆ ತಿಳಿಯಿತು.

"ಎಂಗೆ ಬತ್ತು," ಎಂದೆ.

ಅವರು ನನ್ನ ಮುಖ ನೋಡಿದರು. ನಮ್ಮಲ್ಲಿ ಹೆಂಗಸರು ಗ್ರಂಥ ಹೇಳುವುದಿಲ್ಲ. ಹಾಡು ನಮ್ಮದು, ಗ್ರಂಥ ಗಂಡಸರದ್ದು. ನನಗೆ ರಾಗವೂ ಬಾರದು. ಮೊರದಲ್ಲಿದ್ದ ಅಕ್ಕಿಯನ್ನು ಪಕ್ಕಕ್ಕೆ ಸರಿಸಿ, ಸಾಮಾನಿನ ಹೆಸರು ಹೇಳಿದ ಹಾಗೆ ಮೊದಲಿಂದ ಹೇಳಿದೆ. ಕೊನೆಯ ತನಕ ಬಂತು. ನನಗೇ ಆಶ್ಚರ್ಯವಾಯಿತು. ಸೂತಕ ಕಳೆದಿದ್ದರೂ ಹರ ಹರ ಮಹಾದೇವ ಎನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ.

"ಇನ್ನೊಂದ್ಸಲ ಹೇಳಿ," ಎಂದರು. ಮತ್ತೆ ಹೇಳಿದೆ. ಅವರು ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳು ತಟ್ಟುತ್ತ ಕೇಳಿದರು. ಅರ್ಧದಲ್ಲಿ ಬೆರಳು ನಿಂತಿತು.

"ಅಲ್ಲಿ ನಿಲ್ಸದು ಎಂತಕ್ಕೆ ಅತ್ತಿಗೆ? ಶಶಿ ಹೇಳಿ ನಿಲ್ಸಿ ಆಮೇಲೆ ಶೇಖರ ಹೇಳ್ತಿ. ಮುಂದೂ ಎರಡು ಮೂರು ಕಡೆ ಹಂಗೇ ಆತು. ಅದು ಒಂದೇ ಶಬ್ದ."

ನಾನು ನಿಲ್ಲಿಸುತ್ತಿದ್ದೇನೆ ಎಂದು ನನಗೆ ಗೊತ್ತೇ ಇರಲಿಲ್ಲ. ಪದ್ಯ ಇರುವುದೇ ಹಾಗೆ ಎಂದುಕೊಂಡಿದ್ದೆ. ಜಗಲಿಯ ಮೇಲೆ ಕೂತು ಅವರು ನಾಲಿಗೆಯಿಂದ ಕೆಳಗಿನ ಸೆಟ್ಟು ಒತ್ತಿಕೊಳ್ಳುತ್ತಿದ್ದ ಜಾಗಗಳು ಅವು.

"ನಿಂಗಳ ಭಾವ ಅಲ್ಲಿ ನಿಲ್ಲಿಸ್ತಿದ್ದ," ಎಂದೆ.

ದೊಡ್ಡಪ್ಪ ತಾವೇ ಹೇಳಲು ಶುರುಮಾಡಿದರು, ಬೊಚ್ಚು ಬಾಯಲ್ಲಿ, ಅಕ್ಷರಗಳೆಲ್ಲ ಒಂದಕ್ಕೊಂದು ಅಂಟಿಕೊಂಡು. ತಪ್ಪಿದಲ್ಲಿ ನಾನು ಹೇಳಿಕೊಟ್ಟೆ. ನಿಲ್ಲಿಸುವಲ್ಲೂ ಹೇಳಿಕೊಟ್ಟೆ. ಅವರು ಬೇಡ ಎನ್ನಲಿಲ್ಲ, ನಾನು ನಿಲ್ಲಿಸಿದಲ್ಲೆಲ್ಲ ನಿಲ್ಲಿಸಿದರು. ಸಂಜೆಯ ಬಸ್ಸಿಗೆ ಹೊರಡುವ ತನಕ ನಾವು ಅದನ್ನೇ ಮಾಡಿದೆವು.